ದನದ ಡಾಕ್ಟ್ರಾಗುವವರ ಗಂಬೂಟು: ಕರಿಯದ್ದೋ, ಬಿಳಿಯದ್ದೋ?

ವೆಟರ್ನರಿ ಸೀಟು ಸಿಕ್ಕಿದ ಹುಡುಗ ಹುಡುಗಿಯರು ಮೊದಲು ಕೇಳುವುದು ಸ್ಟೆತಸ್ಕೋಪ್ ಯಾವುದು ತಗೊಳ್ಳಲಿ ಅಂತ. ಅದಕ್ಕೆ ಇನ್ನೂ ಟೈಮಿದೆ. ಮೊದಲ ವರ್ಷವೇ ಬೇಕಾಗುವುದು ಗಂಬೂಟು. ಬೆಳಿಗ್ಗೆ ಬೆಳಿಗ್ಗೆ ಫಾರ್ಮ್ ಪ್ರಾಕ್ಟಿಕಲ್ಲಿಗೆ ನಿಲ್ಲಿಸಿದಾಗ ನಿಮ್ಮ ಕೈಯಲ್ಲಿ ಸ್ಟೆತಸ್ಕೋಪ್ ಇರುವುದಿಲ್ಲ, ಪೊರಕೆ ಇರುತ್ತದೆ.

ನಾನು ಹೊಸನಗರದ ಕಡೆಯವಳು. ಶಿವಮೊಗ್ಗದಲ್ಲೇ ಓದಿ ಈಗ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಬಿವಿಎಸ್ಸಿ ಅಂಡ್ ಎಎಚ್, ಅಂದರೆ ದನದ ಡಾಕ್ಟ್ರ ಪದವಿ, ನಾಲ್ಕೂವರೆ ವರ್ಷ ಕ್ಲಾಸು, ಮೇಲೆ 1 ವರ್ಷ ಇಂಟರ್ನ್‌ಶಿಪ್. ಈ ಅವಧಿಯಲ್ಲಿ ಎರಡು ಜೊತೆ ಗಂಬೂಟು ಬಳಸಿದ್ದೇನೆ. ಒಂದು ಕರಿಯದ್ದು, ಒಂದು ಬಿಳಿಯದ್ದು. ಎರಡೂ ಪಿವಿಸಿ, ಎರಡೂ ಮೊಣಕಾಲಿನ ಹತ್ತಿರದವರೆಗೆ ಬರುತ್ತವೆ. ಕಂಪನಿ ಹೆಸರು ಬರೆಯುವುದಿಲ್ಲ. ಹೆಚ್ಚುಕಮ್ಮಿ ಇದೇ ಥರದ್ದು ಎಲ್ಲ ಊರಲ್ಲೂ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ.

ಕರಿಯದ್ದನ್ನು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ತಗೊಂಡೆ. ತೋಟದ ಸಾಮಾನು ಮಾರುವ ಅಂಗಡಿ. ಬೆಲೆ ₹450, ಅಪ್ಪ ಚೌಕಾಸಿ ಮಾಡಿ ₹420ಕ್ಕೆ ಇಳಿಸಿದರು. "ಐದನೇ ನಂಬರ್ ಕೊಡಿ" ಅಂದರೆ ಅಂಗಡಿಯವರು ನನ್ನನ್ನೂ ಅಪ್ಪನನ್ನೂ ನೋಡಿದರು. "ಆರರಿಂದ ಶುರು ತಂಗಿ. ಗೊಬ್ಬರ ಹೊರೋಕೆ ಗಂಡ್ಮಕ್ಕಳೇ ಅಲ್ವಾ ಬರೋದು?" ಗೊಬ್ಬರ ಹೊರುವ ಹೆಂಗಸರು ಬರಿಗಾಲಲ್ಲೇ ಹೊರುತ್ತಾರೆ ಅನ್ನುವುದು ಅವರಿಗೂ ಗೊತ್ತು. ನಮ್ಮ ಕ್ಲಾಸಿನಲ್ಲಿ ಹುಡುಗಿಯರೇನು ಕಮ್ಮಿ ಇರಲಿಲ್ಲ, ಆದರೂ ಸಣ್ಣ ಸೈಜಿಗೆ ಊರೆಲ್ಲ ಸುತ್ತಬೇಕು. ಕೊನೆಗೆ ಆರು ತಗೊಂಡು ಉಣ್ಣೆ ಕಾಲುಚೀಲ ಹಾಕಿದೆ. ಅದು ಒಳ್ಳೆಯದೇ ಆಯಿತು. ಗಂಬೂಟು ಒಂದು ನಂಬರ್ ದೊಡ್ಡದಿದ್ದರೇ ಸರಿ. ಬಿಗಿ ಬೂಟಿನಲ್ಲಿ ದಪ್ಪ ಕಾಲುಚೀಲ ಹೋಗುವುದಿಲ್ಲ, ಬೆವರಿದ ಮೇಲೆ ಕಾಲು ಹೊರಗೆ ಬರುವುದೂ ಇಲ್ಲ.

ಬಿಳಿಯದ್ದು ಡೇರಿಯವರು, ಮೀನಿನವರು ಹಾಕುವಂಥದ್ದು. ಬೆಲೆ ₹600 ಮೇಲೆ. ಆನ್‌ಲೈನಲ್ಲಿ ತರಿಸಿದೆ. ಐದನೇ ನಂಬರೇ ಸಿಕ್ಕಿತು.

ನೋಡಬೇಕಾದ್ದು ಬಣ್ಣಕ್ಕಿಂತ ಮೊದಲು ಅಡಿ. ಕರಿಯದರ ಅಡಿಯಲ್ಲಿ ಆಳವಾದ ಗೆರೆ, ದಪ್ಪ ದಪ್ಪ ಹಲ್ಲು. ಬಿಳಿಯದ್ದರಲ್ಲಿ ಗೆರೆ ತೆಳ್ಳಗೆ. ಇದರಿಂದ ಏನು ವ್ಯತ್ಯಾಸ ಅನ್ನುವುದು ನನಗೆ ಅರ್ಥವಾದದ್ದು ರಿಪ್ಪನ್‌ಪೇಟೆ ಹತ್ತಿರದ ಒಂದು ಕೊಟ್ಟಿಗೆಯಲ್ಲಿ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನುವ ವಿದೇಶಿ ಹಾಲಿನ ತಳಿ) ಮಿಶ್ರತಳಿಯ ಕಡಸು, ಮೊದಲನೇ ಕರು. ಸಂಜೆಯಿಂದ ತಿಣುಕುತ್ತಿದೆ, ಕರು ಬರುತ್ತಿಲ್ಲ. ಜೊತೆಗಿದ್ದ ಡಾಕ್ಟರ್ ಸರ್ ನನ್ನನ್ನೇ ಕೈ ಹಾಕಿ ನೋಡಲು ಹೇಳಿದರು. ಒಂದು ಮುಂಗಾಲು ಸಿಕ್ಕಿತು, ಮೂತಿ ಸಿಕ್ಕಿತು. ಇನ್ನೊಂದು ಕಾಲು ಮಂಡಿಯಲ್ಲಿ ಮಡಚಿ ಹಿಂದೆ ಉಳಿದಿದೆ. ಹಸು ತಿಣುಕುವುದು ನಿಂತಾಗ ಕರುವನ್ನು ಒಳಕ್ಕೆ ದೂಡಬೇಕು, ಸಂದು ಮಾಡಿಕೊಂಡು ಗೊರಸಿನ ತುದಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಬೇಕು, ಹಾಗೇ ಮುಂದಕ್ಕೆ ತರಬೇಕು. ಮುಚ್ಚದಿದ್ದರೆ ಗೊರಸು ತಾಗಿ ಗರ್ಭಕೋಶ ಹರಿಯಬಹುದು. ಇದು ಪುಸ್ತಕದಲ್ಲಿ ನಾಲ್ಕು ಸಾಲು. ಕೊಟ್ಟಿಗೆಯಲ್ಲಿ ಹಸು ಮತ್ತೆ ತಿಣುಕಿದಾಗ ಅದರ ಬಲವೆಲ್ಲ ನಿಮ್ಮ ಭುಜಕ್ಕೆ ಬಂದು, ಅಲ್ಲಿಂದ ಕಾಲಿಗೆ ಇಳಿಯುತ್ತದೆ. ನೆಲದಲ್ಲಿ ಗಂಜಲ, ಸೆಗಣಿ, ಒಡೆದ ನೀರು. ಆವತ್ತು ಕಾಲಲ್ಲಿದ್ದದ್ದು ಬಿಳಿ ಬೂಟು. ಸರಕ್ಕನೆ ಜಾರಿ ಗಂಜಲದ ಕಾಲುವೆಗೆ ಹೋಯಿತು. ಮನೆಯ ಅಜ್ಜ ಹಿಂದಿನಿಂದ ಭುಜ ಹಿಡಿದರು. "ಕಾಲು ಊರಿ ನಿಲ್ಲು ಮಾರಾಯ್ತಿ, ಹಸು ಬೀಳೋ ಮೊದಲು ನೀನು ಬೀಳ್ತೀಯ" ಅಂದರು. ಕಾಲುವೆಯ ಅಂಚಿಗೆ ಹಿಮ್ಮಡಿ ಕೊಟ್ಟು ನಿಂತ ಮೇಲೆಯೇ ಗೊರಸು ಅಂಗೈಗೆ ಬಂದದ್ದು. ಹಗ್ಗ ಕಟ್ಟಿ, ತಿಣುಕಿದ ಹೊತ್ತಿಗೆ ಸರಿಯಾಗಿ ಕೆಳಮುಖವಾಗಿ ಎಳೆದೆವು. ಹೆಣ್ಣು ಕರು, ಬದುಕಿತು. ಅಜ್ಜ ನನಗೆ ಕಾಫಿ ಕೊಡುವ ಮೊದಲು ಹಸುವಿಗೆ ಬೆಲ್ಲದ ನೀರು ಕೊಟ್ಟರು.

ಹಾಗಾದರೆ ಕರಿಯದ್ದೇ ಒಳ್ಳೆಯದಲ್ವಾ? ಅಷ್ಟು ಸುಲಭ ಇಲ್ಲ. ಜಾರದ ಹಾಗೆ ಹಿಡಿಯುವ ಆ ಆಳದ ಗೆರೆಯಲ್ಲೇ ಸೆಗಣಿಯೂ ಕೂತುಕೊಳ್ಳುತ್ತದೆ. ಒಂದು ಕೊಟ್ಟಿಗೆಯ ಸೆಗಣಿಯನ್ನು ಇನ್ನೊಂದು ಕೊಟ್ಟಿಗೆಗೆ ಒಯ್ಯುವುದು ಡಾಕ್ಟರ ಬೂಟೇ ಆಗಿಬಿಡುತ್ತದೆ. ಕಾಲುಬಾಯಿ ಜ್ವರದ ವೈರಸ್ಸಿಗೆ ಅಷ್ಟು ಸಾಕು. ಅದರಿಂದಲೇ ಒಂದು ಮನೆಯಿಂದ ಹೊರಡುವಾಗ ಬೂಟು ಉಜ್ಜಿ ತೊಳೆದು, 4% ವಾಷಿಂಗ್ ಸೋಡಾ ನೀರಿನಲ್ಲಿ ಅದ್ದಿ ಹೋಗಬೇಕು. ಲೀಟರಿಗೆ 40 ಗ್ರಾಂ. ಮೊದಲು ಸೆಗಣಿ ಹೋಗಬೇಕು, ಸೆಗಣಿ ಮೆತ್ತಿದ ಮೇಲೆ ಸೋಡಾ ಹಾಕಿ ಏನೂ ಪ್ರಯೋಜನವಿಲ್ಲ. ಬಿಳಿಯದ್ದನ್ನು ನಲ್ಲಿಗೆ ಹಿಡಿದರೆ ಮುಗಿಯಿತು, ತೊಳೆದದ್ದು ಕಣ್ಣಿಗೂ ಕಾಣುತ್ತದೆ. ಕರಿಯದ್ದಕ್ಕೆ ಹಳೆಯ ಬ್ರಷ್ಷು, ಒಂದು ಕಡ್ಡಿ, ತಾಳ್ಮೆ ಬೇಕು. ದಿನಕ್ಕೆ ಐದಾರು ಮನೆ ಇದ್ದಾಗ ಐದನೇ ಮನೆಯ ಹೊತ್ತಿಗೆ ತಾಳ್ಮೆ ಎಲ್ಲಿರುತ್ತದೆ ಹೇಳಿ.

ಇನ್ನು ಉಣುಗು, ಅಂದರೆ ಉಣ್ಣಿ. ನಮ್ಮ ಕಡೆ ಇದನ್ನು ಹೇಳದೆ ಬೂಟಿನ ಮಾತು ಮುಗಿಯುವುದಿಲ್ಲ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆ ಕಾಯಿಲೆಯಿಂದ ದನ ನರಳುವುದಿಲ್ಲ, ಆದರೆ ಅದನ್ನು ಹರಡುವ ಉಣುಗು ದನದ ರಕ್ತ ಕುಡಿದೇ ಹೆಚ್ಚಾಗುತ್ತದೆ. ಕಾಡಿಗೆ ಮೇಯಲು ಹೋಗುವ ದನವನ್ನು ಮುಟ್ಟುವುದೇ ನಮ್ಮ ಕೆಲಸ. ಜನರಿಗೆ ಜಾಸ್ತಿ ಕಚ್ಚುವುದು ಮರಿ ಉಣುಗು, ಮಳೆ ಮುಗಿದ ಮೇಲಿನ ತಿಂಗಳುಗಳಲ್ಲಿ, ಎಳ್ಳಿನಷ್ಟು ಸಣ್ಣದು. ಕರಿ ಬೂಟಿನ ಮೇಲೆ ಕೂತರೆ ದೇವರಿಗೂ ಕಾಣಿಸುವುದಿಲ್ಲ. ಬಿಳಿಯದರ ಮೇಲೆ ಚುಕ್ಕಿ ನಡೆದಾಡಿದ ಹಾಗೆ ಕಾಣುತ್ತದೆ, ಮೇಲೆ ಹತ್ತುವ ಮೊದಲೇ ತೆಗೆಯಬಹುದು. ನವೆಂಬರಿನಿಂದ ಮೇವರೆಗೆ ದರಕು (ಕಾಡಿನ ಒಣ ಎಲೆ) ತುಳಿದು ಹೋಗುವ ಕಡೆ ನಾನು ಬಿಳಿಯದ್ದನ್ನೇ ಹಾಕುತ್ತೇನೆ. ಈ ಒಂದಕ್ಕೇ ಆ ₹600 ಸಾರ್ಥಕ.

ಮಳೆಗಾಲಕ್ಕೆ ಲೆಕ್ಕ ಉಲ್ಟಾ. ಆಗ ಉಂಬಳ, ರಕ್ತ ಹೀರುವ ನೆಲದ ಜಿಗಣೆ. ಬೂಟು ಹಾಕಿದರೆ ಉಂಬಳ ಹತ್ತುವುದಿಲ್ಲ ಅಂತ ಯಾರಾದರೂ ಹೇಳಿದರೆ ಅವರು ಆಗುಂಬೆ ಕಡೆ ಬಂದವರೇ ಅಲ್ಲ. ಪಿವಿಸಿ ಮೇಲೆ ಆರಾಮಾಗಿ ಹತ್ತಿ, ಬಾಯಂಚಿನಿಂದ ಒಳಗಿಳಿದು, ಕಾಲುಚೀಲದ ಮೇಲೆ ಊಟಕ್ಕೆ ಕೂರುತ್ತದೆ. ಆಲ್ ಇಂಡಿಯಾ ಕೋಟಾದ 15% ಸೀಟಿನಲ್ಲಿ ನೀಟ್ ಬರೆದು ಬಂದ ರಾಜಸ್ಥಾನದ ಗೆಳತಿಯೊಬ್ಬಳು ಬೂಟು ಬಿಚ್ಚಿ ಚೀರಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಪ್ಯಾಂಟನ್ನು ಬೂಟಿನ ಒಳಗೆ ತುರುಕಬೇಡಿ, ಹೊರಗೆ ಬಿಟ್ಟು ಕಟ್ಟಿ. ಬಾಯಂಚಿಗೆ ಸುಣ್ಣ, ಹೊಗೆಸೊಪ್ಪಿನ ಪುಡಿ ಹಚ್ಚುವುದು ನಮ್ಮಮ್ಮನ ಪಾಠ. ಯಾವ ಸಿಲೆಬಸ್ಸಿನಲ್ಲೂ ಇಲ್ಲ, ಕೆಲಸ ಮಾತ್ರ ಮಾಡುತ್ತದೆ. ಮಳೆಯಲ್ಲಿ ತೋಟದ ಧರೆ (ಕಡಿದಾದ ಮಣ್ಣಿನ ದಂಡೆ) ಇಳಿಯಲು, ಪಾಚಿ ಹಿಡಿದ ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಲು ಕರಿಯದ್ದೇ ಬೇಕು. ಆದರೆ ಸಂಕದ ಮೇಲೆ ಅದನ್ನೂ ಪೂರ್ತಿ ನಂಬಬೇಡಿ. ತೀರಾ ಜಾರುವ ಕಡೆ ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ದಾಟುವುದೇ ವಾಸಿ.

ಬರಿಗಾಲು ಅಂದೆ, ಕೊಟ್ಟಿಗೆಯಲ್ಲಿ ಮಾತ್ರ ಬೇಡ. ಇಲಿ ಜ್ವರ ಇಲಿಯಿಂದಷ್ಟೇ ಅಲ್ಲ, ದನದ ಗಂಜಲದಿಂದಲೂ ಬರುತ್ತದೆ. ಕಾಲಿನಲ್ಲಿ ಸಣ್ಣ ಗಾಯವಿದ್ದರೆ ಸಾಕು. ಮೈಕ್ರೋಬಯಾಲಜಿಯಲ್ಲಿ ಈ ಜ್ವರ ತರುವ ಲೆಪ್ಟೋಸ್ಪೈರಾ ಬ್ಯಾಕ್ಟೀರಿಯಾ ಬಗ್ಗೆ ಓದಿ ಮನೆಗೆ ಹೋದ ರಜೆಯಲ್ಲೇ ಅಪ್ಪನಿಗೂ ಒಂದು ಜೊತೆ ತಂದುಕೊಟ್ಟೆ. ಹಾಕಿಕೊಳ್ಳುತ್ತಾರೆ, ನಾನು ಮನೆಯಲ್ಲಿದ್ದಾಗ.

ಗಂಬೂಟಿಗೆ ಆಗದ ಕೆಲಸವೂ ಇದೆ. ಸಕ್ರೆಬೈಲಿನ ಆನೆ ಬಿಡಾರ ನೋಡಲು ಹೋದಾಗ ಆನೆ ಸ್ನಾನ ಮಾಡಿಸುವ ಕಡೆ ಬೂಟಿನಲ್ಲೇ ತುಂಗೆಗೆ ಇಳಿಯಬೇಡಿ. ಒಳಗೆ ನೀರು ತುಂಬಿದರೆ ಹೆಜ್ಜೆ ಕೀಳಲು ಆಗುವುದಿಲ್ಲ. ಹಸು ಕಾಲು ತುಳಿದರೂ ಸಾದಾ ಗಂಬೂಟು ಕಾಪಾಡುವುದಿಲ್ಲ. ನಮ್ಮ ಸಣ್ಣ ಆಕಾರದ ಮಲೆನಾಡು ಗಿಡ್ಡ ತಳಿಯ ಹಸು ತುಳಿದರೆ ಬೈದು ಸುಮ್ಮನಾಗಬಹುದು, ನಾನೂರು ಕೆಜಿಯ ಎಚ್‌ಎಫ್ ತುಳಿದರೆ ಉಗುರು ಕಪ್ಪಾಗುತ್ತದೆ. ಬೆರಳ ಮೇಲೆ ಸ್ಟೀಲ್ ಇರುವ ಬೂಟು ಸಿಗುತ್ತದೆ, ₹900 ಆಸುಪಾಸು. ಗೆಳೆಯನದ್ದು ಹಾಕಿ ನೋಡಿದೆ. ಸಾಕಪ್ಪಾ ಸಾಕು. ಗುಡ್ಡ ಹತ್ತುವಷ್ಟರಲ್ಲಿ ಕಾಲು ಬಿದ್ದುಹೋಗುತ್ತದೆ. ದೊಡ್ಡ ಫಾರ್ಮಿನ ಸಿಮೆಂಟ್ ನೆಲಕ್ಕೆ ಸರಿ, ನಮ್ಮ ಮನೆ ಮನೆ ಸುತ್ತಾಟಕ್ಕಲ್ಲ.

ಬಾಳಿಕೆಯಲ್ಲಿ ಕರಿಯದ್ದು ಗೆದ್ದಿದೆ. ಹೆಣ ಕೆಡದ ಹಾಗೆ ಇಡುವ ಫಾರ್ಮಾಲಿನ್ ಚೆಲ್ಲಿದ ಅನಾಟಮಿ ಹಾಲ್‌ನಿಂದ ಹಿಡಿದು ಈವರೆಗೆ ಹರಿದಿಲ್ಲ, ಹಿಮ್ಮಡಿ ಒಂದು ಕಡೆ ಸವೆದಿದೆ ಅಷ್ಟೆ. ಬಿಳಿಯದ್ದು ಮಡಿಸುವ ಜಾಗದಲ್ಲಿ ಹಳದಿಯಾಗಿ ಗಟ್ಟಿಯಾಗುತ್ತಿದೆ. ಎರಡನ್ನೂ ಬಿಸಿಲಿಗಿಡಬಾರದು, ಬಚ್ಚಲ ಒಲೆ ಹತ್ತಿರವಂತೂ ಬೇಡವೇ ಬೇಡ. ಒಳಗೆ ಹಳೆ ಪೇಪರ್ ತುರುಕಿ ತಲೆಕೆಳಗೆ ನಿಲ್ಲಿಸಿದರೆ ಬೆಳಿಗ್ಗೆಗೆ ಆರಿರುತ್ತದೆ. ಜುಲೈಯಲ್ಲಿ ಆರುವುದಿಲ್ಲ, ಏನು ಮಾಡಿದರೂ ಆರುವುದಿಲ್ಲ.

ದುಡ್ಡು ಒಂದೇ ಜೊತೆಗೆ ಇದ್ದರೆ ಕರಿಯದ್ದು ತಗೊಳ್ಳಿ, ಜೊತೆಗೆ ₹30ರ ಗಟ್ಟಿ ಬ್ರಷ್ಷು. ಬಿಳಿಯದ್ದನ್ನು ಆಮೇಲೆ ನೋಡಿಕೊಳ್ಳಿ, ಕ್ಲಿನಿಕ್ ಶುರುವಾಗುವಾಗ. ಹಾಸ್ಟೆಲಿನಲ್ಲಿ ಸೀನಿಯರ್ ಹಳೆ ಬೂಟು ಕೊಡುತ್ತೇನೆ ಅಂದರೆ ಬಕೆಟ್ ನೀರಿನಲ್ಲಿ ಅದ್ದಿ, ಒಳಗೆ ಕೈ ಹಾಕಿ ನೋಡಿ. ತೇವ ತಾಗಿದರೆ ಬಿಟ್ಟಿ ಕೊಟ್ಟರೂ ಬೇಡ.