ಚಿಟ್ಟೆ ನಡಿಗೆ: ಹಕ್ಕಿ ಬಿಡಿ, ಚೀಟಿಯೇ ಮೋಸ ಹೋಗಿತ್ತು

ತೀರ್ಥಹಳ್ಳಿ ಕಡೆಯ ಒಂದು ಹೋಂಸ್ಟೇಯಲ್ಲಿ ಚಿಟ್ಟೆ ತೋರಿಸ್ತಾರೆ ಅಂತ ಕಳೆದ ಅಕ್ಟೋಬರ್‌ನಲ್ಲಿ ಹೋಗಿದ್ದೆವು. ತಲೆಗೆ 400 ರೂಪಾಯಿ, ತಿಂಡಿ ಸೇರಿ. ಕೊಟ್ಟೆ ಕಡುಬು ಚೆನ್ನಾಗಿತ್ತು, ಅದರಲ್ಲಿ ತಕರಾರಿಲ್ಲ.

ತಕರಾರು ಬೇರೆ. ಆರು ಗಂಟೆಗೇ ಎಬ್ಬಿಸಿ ಎಂಟೂವರೆವರೆಗೆ ಜಗುಲಿಯಲ್ಲಿ ಸುಮ್ನೆ ಕೂರಿಸಿದರು. ಬಿಸಿಲು ಬೀಳದೆ ಚಿಟ್ಟೆ ಹಾರಲ್ಲ ಅಂತ ಅವರಿಗೇ ಗೊತ್ತಿರಬೇಕಲ್ವಾ?

ತೋಟ ಸುತ್ತಿಸಿದ ಹುಡುಗ ಮಾತ್ರ ಬಲು ಚುರುಕು. ಬೇಲಿಯ ಲಂಟಾನ ಹೂವಿನ ಮೇಲೆ ಕಪ್ಪು ರೆಕ್ಕೆಯ ಚಿಟ್ಟೆ ಕೂತಿತ್ತು. ಹಿಂದಿನ ರೆಕ್ಕೆಯ ನಡುವೆ ಬಿಳಿ ಮಚ್ಚೆ, ಅಂಚಿಗೆ ಕೆಂಪು ಚುಕ್ಕಿ. ಅವರೇ ಕೊಟ್ಟ, ಚಿಟ್ಟೆಗಳ ಫೋಟೋ-ಹೆಸರಿನ ಚೀಟಿ ನೋಡಿ 'ಕಾಮನ್ ರೋಸ್' ಅಂದೆ.

"ರೆಕ್ಕೆ ನೋಡ್ಬೇಡಿ ಅಕ್ಕ, ಮೈ ನೋಡಿ" ಅಂದ.

ಮೈ ಕಪ್ಪಗಿತ್ತು. ರೋಸ್ ಆಗಿದ್ದರೆ ಹೊಟ್ಟೆ ಕೆಂಪಗಿರಬೇಕಿತ್ತು. ಇದು ಕಾಮನ್ ಮಾರ್ಮನ್‌ನ ಹೆಣ್ಣು, ವೇಷ ಹಾಕಿಕೊಂಡು ಬಂದಿದೆ!

ರೋಸ್‌ನ ಮರಿಹುಳ ಈಶ್ವರಿ ಬಳ್ಳಿ ತಿಂದು ಅದರ ವಿಷವನ್ನು ಮೈಯಲ್ಲೇ ಇಟ್ಟುಕೊಳ್ಳುತ್ತದೆ. ಒಮ್ಮೆ ಬಾಯಿ ಕೆಡಿಸಿಕೊಂಡ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗಲ್ಲ. ನಿಂಬೆ, ಕರಿಬೇವಿನ ಎಲೆ ತಿಂದು ಬೆಳೆಯುವ ಮಾರ್ಮನ್‌ಗೆ ಅಂಥ ವಿಷ ಇಲ್ಲ. ಅದಕ್ಕೇ ರೋಸ್‌ನ ಬಣ್ಣ. ಎಲ್ಲ ಹೆಣ್ಣುಗಳೂ ಹೀಗಲ್ಲ. ಕೆಲವು ಕ್ರಿಮ್ಸನ್ ರೋಸ್ ಅನ್ನೋ ಇನ್ನೊಂದು ವಿಷದ ಚಿಟ್ಟೆ ಥರ, ಕೆಲವು ಗಂಡಿನ ಥರವೇ. ಗಂಡಿಗೆ ಮಾತ್ರ ವೇಷವೇ ಇಲ್ಲ. ನಮ್ಮ ಯಕ್ಷಗಾನಕ್ಕೆ ಪೂರ್ತಿ ಉಲ್ಟಾ. ನಕಲಿಗಳು ಜಾಸ್ತಿಯಾದರೆ ಹಕ್ಕಿಗೆ ರುಚಿಯಾದದ್ದೇ ಹೆಚ್ಚು ಸಿಕ್ಕಿ, ಆಟ ಕೆಡುತ್ತದೆ. ಅಮೆಜಾನ್ ಕಾಡಿನ ಚಿಟ್ಟೆಗಳಲ್ಲಿ ಇಂಥ ಆಟ ಕಂಡು ಇಂಗ್ಲೆಂಡಿನ ಜೀವಿಶಾಸ್ತ್ರಜ್ಞ ಹೆನ್ರಿ ಬೇಟ್ಸ್ 1862ರಲ್ಲೇ ಬರೆದಿದ್ದ.

ಆಮೇಲೆ ಚೀಟಿಯನ್ನು ಇನ್ನೊಮ್ಮೆ ನೋಡಿದೆ. 'ಕಾಮನ್ ರೋಸ್' ಅಂತ ಅಚ್ಚಾದ ಫೋಟೋದಲ್ಲೂ ಮೈ ಕಪ್ಪು! ಹುಡುಗ ನಕ್ಕ. "ಎರಡು ವರ್ಷದಿಂದ ಹೇಳ್ತಿದೀನಿ ಅಕ್ಕ, ಯಾರು ಕೇಳ್ತಾರೆ?" ದುಡ್ಡು ಕೊಡುವಾಗ ಮಾಲೀಕರಿಗೂ ಹೇಳಿದೆ. "ಎಲ್ಲಾ ಒಂದೇ ಥರ ಇರ್ತಾವಲ್ಲ ಮೇಡಂ" ಅಂದರು.

ಐದಕ್ಕೆ ಮೂರೂವರೆ ಕೊಡ್ತೀನಿ, ಅಷ್ಟೂ ಆ ಹುಡುಗನಿಗೆ. ಹೋಗುವವರು ಉದ್ದ ಸಾಕ್ಸ್ ಹಾಕಿಕೊಳ್ಳಿ, ಅಕ್ಟೋಬರ್‌ನಲ್ಲೂ ರಕ್ತ ಹೀರುವ ಇಂಬಳ ಇದ್ದವು. ಚೀಟಿ ನಂಬಬೇಡಿ.

ಶಿವಮೊಗ್ಗಕ್ಕೆ ಬಂದ ಮೇಲೆ ನಮ್ಮ ಕರಿಬೇವಿನ ಗಿಡ ನೋಡಿದೆ. ಎಲೆ ಮೇಲೆ ಹಕ್ಕಿ ಹಿಕ್ಕೆ ಅಂತ ಇಷ್ಟು ದಿನ ಪೈಪ್ ಹಿಡಿದು ತೊಳೆಯುತ್ತಿದ್ದೆನಲ್ಲ, ಅದಕ್ಕೆ ಕಾಲಿದ್ದವು. ಮಾರ್ಮನ್ ಮರಿ.