ರಿನೆಲ್ಲಾ: ಒಂದೇ ತೋಪಿಗಾಗಿ ಕಟ್ಟಿದ ಕೋಟೆ

ಮಾಲ್ಟಾದ ಕಲ್ಕಾರಾ ಊರಿನ ಅಂಚಿನಲ್ಲಿ ಸಮುದ್ರಕ್ಕೆ ಮುಖಮಾಡಿರುವ ರಿನೆಲ್ಲಾ ಕೋಟೆಯಲ್ಲಿ ಎತ್ತರದ ಬುರುಜುಗಳಾಗಲಿ, ಸಾಲು ಫಿರಂಗಿಗಳಾಗಲಿ ಇಲ್ಲ. ಕಂದಕದ ನಡುವೆ ತಗ್ಗಾಗಿ ಹರಡಿಕೊಂಡಿರುವ ಈ ಸುಣ್ಣಕಲ್ಲಿನ ಕೋಟೆಯನ್ನು ಬ್ರಿಟಿಷರು 1878ರಿಂದ 1886ರ ನಡುವೆ ಕಟ್ಟಿದ್ದು ಒಂದೇ ಒಂದು ತೋಪಿಗಾಗಿ. ಸುಮಾರು 100 ಟನ್ ತೂಕದ, 450 ಮಿಲಿಮೀಟರ್ ಬಾಯಗಲದ ಆ ಆರ್ಮ್‌ಸ್ಟ್ರಾಂಗ್ ಕಂಪನಿಯ ತೋಪು ಇಂದಿಗೂ ಅದೇ ಕೋಟೆಯಲ್ಲಿದೆ. ಇಂಥದೇ ತೋಪುಗಳನ್ನು ಅದೇ ಕಂಪನಿಯಿಂದ ಕೊಂಡ ಇಟಲಿ ಅವನ್ನು ಡುಯಿಲಿಯೊ ಮತ್ತು ಡಾಂಡೊಲೊ ಯುದ್ಧನೌಕೆಗಳಲ್ಲಿ ಕೂರಿಸಿದಾಗ, ಸೂಯೆಜ್ ದಾರಿಯ ಮೇಲಿದ್ದ ಮಾಲ್ಟಾಕ್ಕೆ ಅಷ್ಟೇ ದೊಡ್ಡ ಉತ್ತರ ಬೇಕಾಯಿತು.

ತೋಪಿನ ಪಕ್ಕ ಫೋಟೋ ತೆಗೆಸಿಕೊಂಡು ಹೊರಟರೆ ಕೋಟೆಯನ್ನು ನೋಡಿದಂತಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಜವಾದ ಅಚ್ಚರಿಯಿರುವುದು ಅದಕ್ಕೆ ಮದ್ದು ತುಂಬುತ್ತಿದ್ದ ಏರ್ಪಾಟಿನಲ್ಲಿ. ಬಾಯಿಯ ಕಡೆಯಿಂದಲೇ ತುಂಬಬೇಕಾದ ತೋಪಿದು. ಸುಮಾರು 200 ಕಿಲೋ ಮದ್ದನ್ನೂ 900 ಕಿಲೋದಷ್ಟು ತೂಗುವ ಗುಂಡನ್ನೂ ಕೈಯಿಂದ ತುಂಬುವುದು ಆಗದ ಮಾತು. ಆದ್ದರಿಂದ ಉಗಿಯಂತ್ರದಿಂದ ನೀರಿಗೆ ಒತ್ತಡ ಕೊಟ್ಟು, ಆ ಒತ್ತಡದ ಬಲದಿಂದಲೇ ತೋಪನ್ನು ಪಕ್ಕಕ್ಕೆ ತಿರುಗಿಸಿ, ಮೂತಿಯನ್ನು ಕೆಳಗಿಳಿಸಿ, ಕಲ್ಲಿನ ಕೋಣೆಯೊಂದರ ಕಿಂಡಿಗೆ ಹೊಂದಿಸುತ್ತಿದ್ದರು. ಒಳಗೆ ಉಳಿದಿರಬಹುದಾದ ಕಿಡಿಗಳನ್ನು ನೀರಿನಿಂದ ಆರಿಸಿದ ನಂತರವೇ ಮದ್ದು ಮತ್ತು ಗುಂಡನ್ನು ಯಂತ್ರವೇ ಒಳಕ್ಕೆ ನೂಕುತ್ತಿತ್ತು. ಇಂಥ ಕೋಣೆ ತೋಪಿನ ಎರಡೂ ಬದಿಗೆ ಒಂದೊಂದಿರುವುದರಿಂದ, ಒಂದರ ಸರದಿ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಮುಂದಿನ ಗುಂಡು ಅಣಿಯಾಗುತ್ತಿತ್ತು. ಇಷ್ಟಾದರೂ ಆರು ನಿಮಿಷಕ್ಕೊಂದು ಹೊಡೆತ! ಉಗಿ ಕೈಕೊಟ್ಟರೆಂದು ಕೈಪಂಪುಗಳನ್ನೂ ಇಟ್ಟುಕೊಂಡಿದ್ದರೆಂಬುದು ಕಟ್ಟಿದವರ ಮುಂದಾಲೋಚನೆಯನ್ನು ತೋರಿಸುತ್ತದೆ.

ಯುದ್ಧದಲ್ಲಿ ಈ ತೋಪು ಒಮ್ಮೆಯೂ ಸಿಡಿಯಲಿಲ್ಲ. ಗುಂಡಿನ ಬೆಲೆ ಎಷ್ಟಿತ್ತೆಂದರೆ ಅಭ್ಯಾಸಕ್ಕೂ ಮೂರು ತಿಂಗಳಿಗೆ ಒಂದನ್ನಷ್ಟೇ ಹಾರಿಸಲು ಅವಕಾಶವಿತ್ತು. 1906ರಲ್ಲಿ ಇದು ಸೇವೆಯಿಂದ ನಿವೃತ್ತವಾಯಿತು.

1991ರಲ್ಲಿ ಕೋಟೆಯ ಹೊಣೆ ಹೊತ್ತ ಫೊಂಡಾಜ್ಜೋನಿ ವಿರ್ತ್ ಆರ್ತ್ನಾ ಎಂಬ ಪರಂಪರಾ ಸಂಸ್ಥೆಯ ಜೀರ್ಣೋದ್ಧಾರ ಕಾರ್ಯ ಮನಸಾರೆ ಮೆಚ್ಚುವಂಥದು. ಮಾಲ್ಟಾದ್ದೇ ಆದ ಸ್ಲೀಮಾ ಊರಿನ ಕೇಂಬ್ರಿಜ್ ಕೋಟೆಯಲ್ಲಿದ್ದ ಇದರ ಜೋಡಿ ತೋಪು ಈಗಿಲ್ಲ. ಜಗತ್ತಿನಲ್ಲಿ ಈ ಜಾತಿಯದು ಇದನ್ನು ಬಿಟ್ಟರೆ ಜಿಬ್ರಾಲ್ಟರಿನಲ್ಲಿ ಮಾತ್ರ ಉಳಿದಿದೆ. ಹೋಗುವವರು ಮೊದಲು ಕಂದಕವನ್ನೂ ನೆಲದಡಿಯ ಕೋಣೆಗಳನ್ನೂ ನಿಧಾನವಾಗಿ ನೋಡಿ, ಕೊನೆಗೆ ತೋಪಿನ ಬಳಿಗೆ ಹತ್ತಬೇಕು. ಆಗ ಅದು ಬರಿಯ ಕಬ್ಬಿಣದ ರಾಶಿಯಾಗಿ ಕಾಣುವುದಿಲ್ಲ. ಕೆಳಗೆ ನೋಡಿಬಂದ ಪ್ರತಿಯೊಂದು ಕೋಣೆಯ ಕೆಲಸವೂ ಅಲ್ಲಿ ಅರ್ಥವಾಗುತ್ತದೆ.