ಡೆಕ್ಕಿನ ಅಡಿ ನೋಡದೆ ಮಲ್ಚಿಂಗ್ ಮೋವರ್ ಕೊಳ್ಳಬೇಡಿ

ಅಮೆರಿಕದಲ್ಲಿ ಹೊಸದಾಗಿ ಮನೆ ಕೊಂಡವರು ಮೊದಲ ಮೇ ತಿಂಗಳಲ್ಲಿ ಅವಸರಕ್ಕೆ ಬಿದ್ದು ಮಾಡುವ ತಪ್ಪು ಒಂದಿದೆ: ಲಾನಿನ ಹುಲ್ಲು ಕತ್ತರಿಸುವ ಮೋವರನ್ನು ಅದರ ಡೆಕ್ಕಿನ, ಅಂದರೆ ಬ್ಲೇಡನ್ನು ಮುಚ್ಚುವ ಹೊದಿಕೆಯ, ಅಡಿ ನೋಡದೆ ಕೊಳ್ಳುವುದು. ಈ ಸಲ ಅದರ ಪೆಟ್ಟು ತಿಂದದ್ದು ನ್ಯೂಜೆರ್ಸಿಯ ಒಂದು ಮನೆ. ಕಾಲು ಎಕರೆ ಜಾಗ, ಅದರಲ್ಲಿ ಸುಮಾರು 6,000 ಚದರ ಅಡಿ ಹುಲ್ಲು, ಹೆಚ್ಚಿನದು ಟಾಲ್ ಫೆಸ್ಕ್ಯೂ ಎಂಬ ತಂಪು ಹವೆಯ ಹುಲ್ಲು. ಕೊಂಡದ್ದು 21 ಇಂಚಿನ, 140 ಸಿಸಿ ಪೆಟ್ರೋಲ್ ಎಂಜಿನ್ನಿನ, ಕೈಯಲ್ಲಿ ತಳ್ಳುವ ಮಷಿನ್. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ‘3-ಇನ್-1’ ಎಂದಿತ್ತು. ಹುಲ್ಲನ್ನು ಪುಡಿ ಮಾಡಿ ಅಲ್ಲೇ ಬಿಡಬಹುದು, ಚೀಲಕ್ಕೆ ತುಂಬಬಹುದು, ಪಕ್ಕಕ್ಕೆ ಎಸೆಯಬಹುದು ಎಂದು ಅರ್ಥ. ಕೊಂಡವರಿಗೆ ಬೇಕಿದ್ದದ್ದು ಮೊದಲನೆಯದು, ಅಂದರೆ ಮಲ್ಚಿಂಗ್ ಮಾತ್ರ.

ಸಿಕ್ಕಿದ್ದು ಬೇರೆ. ಐದಾರು ಹೆಜ್ಜೆಗೊಂದು ಬೆರಣಿ ಗಾತ್ರದ ಹಸಿ ಹುಲ್ಲಿನ ಮುದ್ದೆ. ಬಳಿದು ತೆಗೆಯದೆ ಬಿಟ್ಟ ಮುದ್ದೆಗಳ ಅಡಿ ನಾಲ್ಕೈದು ದಿನಕ್ಕೆ ಹಳದಿ ಮಚ್ಚೆ. ನಡುವೆ ಎಂಜಿನ್ ಮೂರು ಸಲ ಉಸಿರು ಕಟ್ಟಿ ನಿಂತಿತು. ಅಡಿಯಲ್ಲಿ ಸಿಕ್ಕಿಕೊಂಡ ಹುಲ್ಲು ಕೀಳಲೆಂದು ಮಷಿನ್ನನ್ನು ಮಗ್ಗುಲಿಗೆ ಮಲಗಿಸಿದಾಗ ಬದಿ ತಪ್ಪಿತು, ಎಣ್ಣೆ ಏರ್ ಫಿಲ್ಟರಿಗೆ ನುಗ್ಗಿತು, ಮತ್ತೆ ಸ್ಟಾರ್ಟ್ ಮಾಡಿದರೆ ಅಂಗಳ ತುಂಬ ಬಿಳಿ ಹೊಗೆ. ವಾಪಸ್ ಒಯ್ದರೆ ಅಂಗಡಿಯವರು ‘ಪೆಟ್ರೋಲ್ ಹಾಕಿಯಾಗಿದೆ, ತಗೊಳ್ಳೋಕೆ ಆಗಲ್ಲ’ ಎಂದರು. ಇದರಲ್ಲಿ ಅರ್ಧ ತಪ್ಪು ಮಷಿನ್ನಿನದು, ಅರ್ಧ ಅದನ್ನು ಓಡಿಸಿದ ರೀತಿಯದು. ಎರಡನ್ನೂ ಬಿಡಿಸಿ ಹೇಳಬೇಕು.

ಮೊದಲು ಮಷಿನ್. ಮಲ್ಚಿಂಗ್ ಆಗುವುದು ಡೆಕ್ಕಿನ ಆಕಾರ ಮತ್ತು ಬ್ಲೇಡು ಎರಡೂ ಕೂಡಿದಾಗ. ಬ್ಲೇಡು ಮೊದಲ ಏಟಿಗೆ ಹುಲ್ಲಿನ ತುದಿ ಕತ್ತರಿಸುತ್ತದೆ. ಆ ತುಂಡು ಗಾಳಿಯ ಸೆಳೆತಕ್ಕೆ ಮೇಲೆದ್ದು, ಡೆಕ್ಕಿನ ಒಳಗುಮ್ಮಟದಲ್ಲಿ ಸುತ್ತು ಹೊಡೆದು, ಮತ್ತೆ ಬ್ಲೇಡಿನ ಬಾಯಿಗೆ ಬೀಳಬೇಕು. ಹೀಗೆ ಹಲವು ಸಲ ಆದರೆ ತುಂಡು ಸಣ್ಣದಾಗಿ, ನಿಂತ ಹುಲ್ಲಿನ ಎಸಳುಗಳ ನಡುವೆ ಜಾರಿ ಮಣ್ಣು ಮುಟ್ಟುತ್ತದೆ. ಸುತ್ತಲು ಒಳಗೆ ಜಾಗ ಬೇಕು, ಏಳಲು ಗಾಳಿ ಬೇಕು. ನಮ್ಮ ಅಡಿಕೆ ತೋಟಗಳಲ್ಲಿ ಬುಡಕ್ಕೆ ಸೊಪ್ಪು, ತರಗೆಲೆ ಹಾಸುವುದನ್ನು ಕಂಡವರಿಗೆ ಮಲ್ಚಿಂಗ್ ಎಂದ ಕೂಡಲೇ ಅದೇ ನೆನಪಾಗುತ್ತದೆ. ಆದರೆ ಅಲ್ಲಿ ಹೊದಿಕೆ ಮೇಲೆಯೇ ದಪ್ಪಗೆ ಕೂರಬೇಕು. ಲಾನ್‌ನಲ್ಲಿ ಮೇಲೆ ಕೂತರೆ ಕೆಳಗಿನ ಹುಲ್ಲಿಗೆ ಬೆಳಕು ತಪ್ಪಿ ಅದು ಸಾಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣಗೆ ಇಳಿದುಹೋದರೆ ಮಾತ್ರ ಅದು ಗೊಬ್ಬರ.

ಈ ಮನೆಗೆ ಬಂದ ಮಷಿನ್ನಿನ ಡೆಕ್ಕು ಮೂಲದಲ್ಲಿ ಪಕ್ಕಕ್ಕೆ ಎಸೆಯಲೆಂದೇ ಮಾಡಿದ್ದು. ಚಾವಣಿ ಚಪ್ಪಟೆ, ಆಳ ಕಡಿಮೆ. ಬದಿಯ ಬಾಯಿಗೆ ಒಂದು ಮುಚ್ಚಳ, ಹಿಂದಿನ ಚೀಲದ ಬಾಯಿಗೆ ಒಂದು ಪ್ಲಾಸ್ಟಿಕ್ ಪ್ಲಗ್ ಕೊಟ್ಟು ‘ಮಲ್ಚಿಂಗ್’ ಎಂದು ಕರೆದಿದ್ದಾರೆ. ಪ್ಲಗ್ಗಿನ ಒಳಮೈ ಡೆಕ್ಕಿನ ಬಾಗಿಗೆ ಕೂಡಿಕೊಳ್ಳದ ಕಾರಣ ಅಲ್ಲಿ ಬೊಗಸೆ ತುಂಬುವಷ್ಟು ಸಂದು ಉಳಿದಿದೆ. ಹಸಿ ಹುಲ್ಲು ಮೊದಲು ಅಂಟುವುದೇ ಆ ಸಂದಿಗೆ. ಅಂಟಿದ್ದಕ್ಕೆ ಇನ್ನಷ್ಟು ಅಂಟಿ, ಗಾಳಿಯ ಸುತ್ತು ಮುರಿದು, ತೂಕ ಹೆಚ್ಚಾದಾಗ ಗಂಟು ಗಂಟಾಗಿ ಉದುರುತ್ತದೆ. ಬ್ಲೇಡೂ ನೆಟ್ಟಗಿನ ಪಟ್ಟಿ. ಅಂಚು ಹರಿತ ಮಾಡಿದ್ದು ಎರಡು ತುದಿಯಲ್ಲಿ ಕೆಲವೇ ಇಂಚು.

ಆದ್ದರಿಂದ ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಮಷಿನ್ನಿನ ಹ್ಯಾಂಡಲ್ ಒತ್ತಿ ಮುಂಭಾಗ ಎತ್ತಿ, ಫೋನಿನ ಟಾರ್ಚ್ ಬಿಟ್ಟು ಅಡಿ ನೋಡಿ. ಅಲ್ಲಿಟ್ಟದ್ದರಲ್ಲಿ ಸಾಮಾನ್ಯವಾಗಿ ಎಣ್ಣೆ, ಪೆಟ್ರೋಲ್ ಇರುವುದಿಲ್ಲ. ಆದರೂ ಕೇಳಿಕೊಂಡೇ ಎತ್ತಿ, ಬ್ಲೇಡಿಗೆ ಕೈ ಹಾಕಬೇಡಿ. ಚಾವಣಿ ಬ್ಲೇಡಿನ ಸುತ್ತ ಉಂಗುರದಂತೆ ದುಂಡಗೆ ಮೇಲೆದ್ದಿರಬೇಕು, ಚೌಕ ಮೂಲೆಗಳು ಇರಬಾರದು. ಅಕ್ಕಪಕ್ಕದ ಎರಡು ಮಷಿನ್ನುಗಳ ಆಳವನ್ನು ಅಳತೆಪಟ್ಟಿಯಿಂದ ಹೋಲಿಸಿದರೆ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ. ಪ್ಲಗ್ ಹಾಕಿಸಿ ನೋಡಿ, ಬೆರಳು ತೂರುವ ಸಂದು ಕಂಡರೆ ಬಿಡಿ. ಮಲ್ಚಿಂಗ್ ಬ್ಲೇಡಿನ ಹರಿತ ಅಂಚು ತುದಿಯಿಂದ ನಡುವಿನತ್ತ ಉದ್ದಕ್ಕೆ ಬಂದಿರುತ್ತದೆ, ಮೈಯಲ್ಲಿ ಏರಿಳಿವ ತಿರುವುಗಳಿರುತ್ತವೆ. ಕೆಲವು ಮಾಡೆಲ್‌ಗಳಲ್ಲಿ ಒಂದರ ಮೇಲೊಂದು ಎರಡು ಬ್ಲೇಡು ಇರುತ್ತವೆ. ಹುಲ್ಲು ಸಣ್ಣಗಾಗುವುದಕ್ಕೆ ಅದು ನಿಜಕ್ಕೂ ಅನುಕೂಲ.

ಡೆಕ್ಕು ಪರವಾಗಿಲ್ಲ, ಬ್ಲೇಡು ಮಾತ್ರ ಸರಿಯಿಲ್ಲ ಎಂದಾದರೆ ಬ್ಲೇಡು ಬದಲಿಸಬಹುದು. ಆದರೆ ತಯಾರಕರು ನಿಮ್ಮ ಮಾಡೆಲ್‌ಗೆಂದು ಕೊಟ್ಟ ಪಾರ್ಟ್ ನಂಬರಿನದನ್ನೇ ತನ್ನಿ. ‘ಎಲ್ಲದಕ್ಕೂ ಆಗುತ್ತದೆ’ ಎಂದು ವಾಷರ್‌ಗಳ ಜೊತೆ ಮಾರುವ ಬ್ಲೇಡುಗಳ ನಡುವಿನ ರಂಧ್ರ ಬಿಗಿಯಾಗಿ ಕೂರದೆ ಅದುರುತ್ತದೆ. ಬ್ಲೇಡಿನ ಮೇಲೆ ಯಾವ ಬದಿ ನೆಲಕ್ಕೆ ಎಂದು ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ತಿರುಗುಮುರುಗು ಹಾಕಿದರೆ ಹುಲ್ಲು ಕತ್ತರಿಸುವ ಬದಲು ಜಜ್ಜುತ್ತದೆ. ಬೋಲ್ಟ್ ಬಿಗಿಸಲು ಕೈ ಅಂದಾಜು ಸಾಲದು. ಮ್ಯಾನುಯಲ್‌ನಲ್ಲಿ ಹೇಳಿದ ಟಾರ್ಕಿಗೆ ಟಾರ್ಕ್ ರೆಂಚಿನಿಂದಲೇ ಬಿಗಿಸಿ. ಸುಮಾರು 25 ಗಂಟೆ ಓಡಿದ ಮೇಲೆ ಸಾಣೆ ಹಿಡಿಸಿ. ಎರಡೂ ತುದಿಯಿಂದ ಸಮ ಲೋಹ ತೆಗೆದಿದ್ದಾರೆಯೇ ಎಂದು ನೋಡಲು ನಡುವಿನ ರಂಧ್ರವನ್ನು ಗೋಡೆಯ ಮೊಳೆಗೆ ತೂಗು ಹಾಕಿ. ಒಂದು ತುದಿ ಕೆಳಗಿಳಿದರೆ ಆ ಬದಿ ಭಾರ. ಮೊಂಡು ಬ್ಲೇಡು ಹುಲ್ಲನ್ನು ಸೀಳುತ್ತದೆ, ಎರಡು ದಿನದಲ್ಲಿ ಲಾನಿಗೆಲ್ಲ ಬಿಳಿಚು ಬಣ್ಣ ಬರುತ್ತದೆ.

ಎಂಜಿನ್ ವಿಷಯದಲ್ಲಿ ಕಂಜೂಸಿ ಮಾಡಬೇಡಿ. ಒಂದೇ ಹುಲ್ಲನ್ನು ಮತ್ತೆ ಮತ್ತೆ ಕತ್ತರಿಸುವುದರಿಂದ ಪಕ್ಕಕ್ಕೆ ಎಸೆಯುವುದಕ್ಕಿಂತ ಮಲ್ಚಿಂಗ್‌ಗೆ ಹೆಚ್ಚು ಶಕ್ತಿ ಬೇಕು. ವಸಂತದ ಫೆಸ್ಕ್ಯೂ ದಟ್ಟ, ರಸ ಹೆಚ್ಚು. 21 ಇಂಚಿನ ಡೆಕ್ಕಿಗೆ 160 ಸಿಸಿಯಿಂದ ಮೇಲಿನದು ನೆಮ್ಮದಿ. 140 ಸಿಸಿಯದ್ದು ಜುಲೈನ ಒಣ ಹುಲ್ಲಿಗೆ ಸಾಕು, ಮೇ ತಿಂಗಳಿಗೆ ಸಾಲದು.

ತಾನೇ ನಡೆಯುವ ಮಷಿನ್ ಕೊಳ್ಳುವುದಾದರೆ ವೇಗ ಬದಲಿಸಲು ಬರುವುದನ್ನೇ ಆರಿಸಿ. ಒಂದೇ ವೇಗದ ಮಷಿನ್ ದಟ್ಟ ಹುಲ್ಲಿನಲ್ಲೂ ಅದೇ ಓಟ ಓಡುತ್ತದೆ, ಪುಡಿಯಾಗಲು ಸಮಯವೇ ಸಿಗುವುದಿಲ್ಲ. ಮುಂದಿನ ಚಕ್ರ ಎಳೆಯುವವು ಸಮತಟ್ಟು ಜಾಗಕ್ಕೆ, ತಿರುವು ಹೆಚ್ಚಿರುವ ಅಂಗಳಕ್ಕೆ ಸರಿ. ಏರಿನಲ್ಲಿ ಹ್ಯಾಂಡಲ್ ಒತ್ತಿದಾಗ ಮುಂಭಾಗ ಹಗುರಾಗಿ ಚಕ್ರ ಜಾರುತ್ತದೆ, ಅಲ್ಲಿಗೆ ಹಿಂದಿನ ಚಕ್ರದ್ದೇ ಬೇಕು.

ಇನ್ನು ಓಡಿಸಿದ ರೀತಿ. ಆ ದಿನ ಹುಲ್ಲು 8 ಇಂಚು ಬೆಳೆದಿತ್ತು, ಡೆಕ್ಕನ್ನು 2.5 ಇಂಚಿಗೆ ಇಳಿಸಿದ್ದರು, ಬೆಳಗಿನ ಇಬ್ಬನಿ ಆರಿರಲಿಲ್ಲ. ಒಂದೇ ಸಲಕ್ಕೆ ಐದೂವರೆ ಇಂಚು ಹಸಿ ಹುಲ್ಲು. ಇದನ್ನು ಪುಡಿ ಮಾಡುವ ಮೋವರ್ ಯಾವ ಬೆಲೆಗೂ ಸಿಗುವುದಿಲ್ಲ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. 3.5 ಇಂಚು ಇಟ್ಟುಕೊಳ್ಳುವ ಫೆಸ್ಕ್ಯೂವನ್ನು 5 ಇಂಚು ಮುಟ್ಟುವಷ್ಟರಲ್ಲಿ ಕತ್ತರಿಸಬೇಕು. ನ್ಯೂಜೆರ್ಸಿಯಂಥ ಕಡೆ ತಂಪು ಹವೆಯ ಹುಲ್ಲುಗಳು ಅತಿ ವೇಗವಾಗಿ ಬೆಳೆಯುವುದು ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ. ಆಗ ವಾರಕ್ಕೊಂದು ಸಲ ಎಂಬ ಲೆಕ್ಕ ನಡೆಯುವುದಿಲ್ಲ, ನಾಲ್ಕೈದು ದಿನಕ್ಕೊಮ್ಮೆ ಇಳಿಯಲೇಬೇಕು. ಟೆಕ್ಸಾಸ್ ಕಡೆಯವರು ಈ ಎತ್ತರಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಅಲ್ಲಿನ ಬರ್ಮುಡಾ ಹುಲ್ಲನ್ನು 1ರಿಂದ 2 ಇಂಚಿಗೆ ಇಡುತ್ತಾರೆ, ಅದು ಚುರುಕಾಗಿ ಬೆಳೆಯುವುದು ಬೇಸಿಗೆಯಲ್ಲಿ.

ಎತ್ತರದ ಲಿವರಿನ ಪಕ್ಕ ಬರೆದ 1, 2, 3 ಇಂಚುಗಳಲ್ಲ, ಬರೀ ಹಂತಗಳು. ಗ್ಯಾರೇಜಿನ ಕಾಂಕ್ರೀಟ್ ನೆಲದ ಮೇಲೆ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತು, ನೆಲದಿಂದ ಬ್ಲೇಡಿನ ಅಂಚಿಗೆ ಎಷ್ಟು ಎಂದು ಪ್ರತಿ ಹಂತಕ್ಕೂ ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ.

ಮಗ್ಗುಲಿಗೆ ಮಲಗಿಸುವಾಗ ಏರ್ ಫಿಲ್ಟರ್ ಮತ್ತು ಕಾರ್ಬುರೇಟರ್ ಇರುವ ಬದಿ ಆಕಾಶಕ್ಕಿರಬೇಕು. ಟ್ಯಾಂಕ್ ಬಹುಪಾಲು ಖಾಲಿಯಿರಬೇಕು. ವೈರ್ ಕೀಳದೆ ಅಡಿಗೆ ಕೈ ಹಾಕಬೇಡಿ: ಬ್ಲೇಡನ್ನು ಕೈಯಲ್ಲಿ ತಿರುಗಿಸಿದರೂ ಎಂಜಿನ್ ಹತ್ತಿಕೊಂಡು ಬೆರಳು ಹೋಗಬಹುದು. ಹ್ಯಾಂಡಲಿನ ಲಿವರ್ ಬಿಟ್ಟ 3 ಸೆಕೆಂಡಿನಲ್ಲಿ ಬ್ಲೇಡು ನಿಲ್ಲಬೇಕೆಂಬ ಕಾನೂನು ಅಮೆರಿಕದಲ್ಲಿ 1982ರಿಂದ ಇದೆ; ಆ ಲಿವರನ್ನು ಹಗ್ಗದಿಂದ ಕಟ್ಟಿ ಓಡಿಸುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಎಣ್ಣೆ ಆಗಲೇ ಫಿಲ್ಟರಿಗೆ ಹೋಗಿದ್ದರೆ ಕಾಗದದ ಫಿಲ್ಟರ್ ಬಿಸಾಡಿ ಹೊಸದು ಹಾಕಿ, ಸ್ಪಂಜಿನದಾದರೆ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಸಿಲಿಂಡರಿನಲ್ಲಿ ಉಳಿದ ಎಣ್ಣೆ ಉರಿದು ಹೋಗುವವರೆಗೆ ಕೆಲವು ನಿಮಿಷ ಹೊಗೆ ಬರುತ್ತದೆ, ಆಮೇಲೆ ನಿಲ್ಲುತ್ತದೆ.

ಹೊಸ ಪೆಟ್ರೋಲ್ ಮೋವರ್ ಡಬ್ಬದಲ್ಲಿ ಬರುವುದು ಎಂಜಿನ್ ಎಣ್ಣೆಯಿಲ್ಲದೆ, ಇದನ್ನು ಮರೆಯಬೇಡಿ. ಬಾಟಲಿ ಬೇರೆ ಇರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಹೆಚ್ಚಿನವು ಕುಡಿಯುವುದು ಅರ್ಧ ಲೀಟರಿನ ಆಸುಪಾಸು. ಒಮ್ಮೆಗೇ ಸುರಿಯದೆ ಡಿಪ್‌ಸ್ಟಿಕ್ ನೋಡುತ್ತ ಹಾಕಿ. ಎಣ್ಣೆಯಿಲ್ಲದೆ ಹಗ್ಗ ಎಳೆದರೆ ಎಂಜಿನ್ ನಿಮಿಷಗಳಲ್ಲಿ ಕಚ್ಚಿಕೊಳ್ಳುತ್ತದೆ, ಅದಕ್ಕೆ ವಾರಂಟಿ ಸಿಗುವುದಿಲ್ಲ. ಪೆಟ್ರೋಲಿನಲ್ಲಿ ಇ10 (ಶೇ 10ರಷ್ಟು ಎಥನಾಲ್ ಬೆರೆತದ್ದು) ತನಕ ಸರಿ, ಇ15 ಬೇಡ. ಹಾಕುವ ಮೊದಲು ಅಂಗಡಿಯ ವಾಪಸಾತಿ ನಿಯಮ ಓದಿ: ಪೆಟ್ರೋಲ್ ಬಿದ್ದ ಮಷಿನ್ನನ್ನು ಮುಟ್ಟದ ಅಂಗಡಿಗಳಿವೆ. ಡೆಕ್ಕು, ಬ್ಲೇಡು, ಪ್ಲಗ್ಗಿನ ತಪಾಸಣೆಯೆಲ್ಲ ಅದಕ್ಕಿಂತ ಮುಂಚೆ ಮುಗಿಯಬೇಕು.

ಬ್ಯಾಟರಿಯದಾದರೆ ಈ ಎಣ್ಣೆ, ಹೊಗೆಯ ತಾಪತ್ರಯವಿಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ 2024ರ ಮಾಡೆಲ್‌ನಿಂದ ಮುಂದಕ್ಕೆ ತಯಾರಾಗುವ ಹೊಸ ಮೋವರ್‌ಗಳು ಹೊಗೆ ಬಿಡಬಾರದೆಂಬ ನಿಯಮವನ್ನೇ ತಂದಿದ್ದಾರೆ. ಆದರೆ ಡಬ್ಬದ ಮೇಲಿನ ವೋಲ್ಟ್ ನೋಡಿ ಮರುಳಾಗಬೇಡಿ. ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿ ಸಿಗುವ ವ್ಯಾಟ್ ಅವರ್ ನೋಡಿ: 56 ವೋಲ್ಟ್, 5 ಆಂಪಿಯರ್ ಅವರ್ ಎಂದರೆ 280. ಅದೂ ತುಂಬಿದ ಬ್ಯಾಟರಿಯ ಗರಿಷ್ಠ ವೋಲ್ಟಿನ ಲೆಕ್ಕ, ನಿಜವಾಗಿ ಸಿಗುವುದು 250ರ ಹತ್ತಿರ. ‘60 ನಿಮಿಷದವರೆಗೆ’ ಎಂದು ಬರೆದಿರುವುದು ತೆಳು ಒಣ ಹುಲ್ಲಿಗೆ. ಮೇ ತಿಂಗಳ ಮಲ್ಚಿಂಗ್‌ಗೆ ಅದರ ಅರ್ಧ ಹಿಡಿದು ಲೆಕ್ಕ ಹಾಕಿ. 21 ಇಂಚಿನ ಮಷಿನ್ನಿಗೆ 6,000 ಚದರ ಅಡಿ ನಿಧಾನ ನಡಿಗೆಯಲ್ಲಿ ಅರ್ಧ ಗಂಟೆ ಮೀರುತ್ತದೆ, ಹಾಗಾಗಿ ಎರಡನೇ ಬ್ಯಾಟರಿಯ ಬೆಲೆಯನ್ನೂ ಸೇರಿಸಿಯೇ ಹೋಲಿಸಿ. ಡೆಕ್ಕಿನ ಅಡಿ ನೋಡುವ ನಿಯಮ ಇವಕ್ಕೂ ಅದೇ. ಅಡಿಗೆ ಕೈ ಹಾಕುವ ಮೊದಲು ಬ್ಯಾಟರಿ ಹೊರಗೆ.

ಇಂಥ ಮಷಿನ್ ಆಗಲೇ ಮನೆಗೆ ಬಂದಿದೆ, ವಾಪಸಾಗುವುದಿಲ್ಲ ಎನ್ನುವವರು ಹೀಗೆ ಮಾಡಿ. ಮೇ ಮುಗಿಯುವವರೆಗೆ ಪ್ಲಗ್ ತೆಗೆದಿಟ್ಟು ಚೀಲ ಹಾಕಿ, ಇಲ್ಲವೇ ಪಕ್ಕದ ಬಾಯಿ ತೆರೆದು ಓಡಿಸಿ. ಹುಲ್ಲು ತೀರಾ ಎದ್ದಿದ್ದರೆ ಮೊದಲ ಸಲ ಮಷಿನ್ನಿನ ಅತಿ ಎತ್ತರದ ಹಂತದಲ್ಲಿ, ಅರ್ಧ ಅಗಲ ಮಾತ್ರ ಕಚ್ಚುವಂತೆ ಸಾಲು ಹಿಡಿಯಿರಿ. ಮೂರ್ನಾಲ್ಕು ದಿನ ಬಿಟ್ಟು ಒಂದು ಹಂತ ಇಳಿಸಿ. ಜೂನ್ ನಡುವಿಗೆ ಬೆಳವಣಿಗೆ ತಗ್ಗಿದಾಗ ಪ್ಲಗ್ ಹಾಕಿ. ಮಧ್ಯಾಹ್ನದ ಬಿಸಿಲಿಗೆ ಹುಲ್ಲು ಆರಿದ ಮೇಲೆ, ತೆಗೆಯುವುದು ಒಂದು ಇಂಚು ಒಂದೂವರೆ ಇಂಚು ಎಂದಾಗ ಇದೇ ಸಾಧಾರಣ ಮಷಿನ್ ಒಪ್ಪುವಷ್ಟು ಮಲ್ಚಿಂಗ್ ಮಾಡುತ್ತದೆ. ಪ್ರತಿ ಸಲ ಕೆಲಸ ಮುಗಿದ ಮೇಲೆ ಡೆಕ್ಕಿನ ಅಡಿಯನ್ನು ಮರದ ತುಂಡಿನಿಂದ ಕೆರೆದು ಬಿಡಿ. ಒಣಗಿ ಗಟ್ಟಿಯಾದ ಪದರ ಮುಂದಿನ ಸಲದ ಗಾಳಿಯನ್ನು ಕಟ್ಟುತ್ತದೆ.

ಬಿದ್ದ ಮುದ್ದೆಗಳನ್ನು ಅದೇ ದಿನ ಬಾಚಿ ಹರಡಬೇಕು. ಆಗಲೇ ಹಳದಿಯಾದ ಮಚ್ಚೆಗಳಲ್ಲಿ ಬುಡ ಹಸಿರಾಗಿದ್ದರೆ ಎರಡು ವಾರದಲ್ಲಿ ಚಿಗುರುತ್ತದೆ. ಬುಡವೇ ಸತ್ತಿದ್ದರೆ ಕಾಯಬೇಡಿ: ಟಾಲ್ ಫೆಸ್ಕ್ಯೂ ಗುಂಪಾಗಿ ಬೆಳೆಯುವ ಜಾತಿ, ಬರ್ಮುಡಾದಂತೆ ಹರಿದು ಖಾಲಿ ಜಾಗ ತುಂಬುವುದಿಲ್ಲ. ಸೆಪ್ಟೆಂಬರಿನಲ್ಲಿ ಮಣ್ಣು ಸಡಿಲಿಸಿ ಆ ಜಾಗಕ್ಕೆ ಬೀಜ ಹಾಕಿ.